ಅರವತ್ನಾಲ್ಕು ಪುಸ್ತಕ, ಮೂವತ್ತೆರಡು ಜಾಮೀನು

ಗ್ರಂಥಾಲಯದ ಪ್ರತಿ ಪುಸ್ತಕದ ಕೊನೆಯ ಪುಟಕ್ಕೆ ಒಂದು ಚೀಟಿ ಅಂಟಿಸಿರುತ್ತೇವೆ. ಪುಸ್ತಕ ಓದುಗರ ಮನೆಗೆ ಹೋಗುವಾಗ, ಅದನ್ನು ಮರಳಿಸಬೇಕಾದ ತಾರೀಖಿನ ಠಸ್ಸೆ ಆ ಚೀಟಿಯ ಮೇಲೆ ಬೀಳುತ್ತದೆ. ಚೀಟಿ ತುಂಬಿದ್ದರೆ ಪುಸ್ತಕ ಬದುಕಿದೆ ಎಂದರ್ಥ, ಖಾಲಿ ಇದ್ದರೆ ಸತ್ತಿದೆ ಎಂದರ್ಥ. ಕಚೇರಿಯವರು ನೋಡುವುದು ಅಷ್ಟನ್ನೇ. ಬೆಳಗಾವಿಯಿಂದ ತಪಾಸಣೆಗೆ ಬಂದಿದ್ದ ನಮ್ಮ ಮೇಲಧಿಕಾರಿ ಅಂದು ಖಾನಾಪುರದ ನಮ್ಮ ಶಾಖೆಯಲ್ಲಿ, ಕಿಟಕಿಯ ಬಾಜು ಇದ್ದ ಹೊಸ ಪುಸ್ತಕಗಳ ಕಪಾಟಿನ ಮುಂದೆ ನಿಂತು, ಹತ್ತು ಪುಸ್ತಕಗಳ ಹಿಂಬದಿ ತೆರೆದು ನೋಡಿದರು. ಹತ್ತೂ ಖಾಲಿ.

"ಬಂದು ಎರಡು ತಿಂಗಳಾತು. ಒಂದರ ಠಸ್ಸೆ ಬಿದ್ದೈತೇನ್ರಿ ಬಾಯಾರ?" ಎಂದರು.

"ಮನಿಗೆ ಒಯ್ಯಂಗಿಲ್ರಿ ಸರ್. ಇಲ್ಲೇ ಕುಂತು ಓದ್ತಾರ."

"ಯಾರು ಓದ್ತಾರ? ತೋರಸ್ರಿ, ನೋಡೂಣು."

ನಾನು ಓದುವ ಕೋಣೆಯ ಕಡೆ ತಿರುಗಿದೆ. ಬೆಳಗಿನ ಹನ್ನೊಂದು ಗಂಟೆ. ಇಬ್ಬರು ದಿನಪತ್ರಿಕೆ ಹಿಡಿದಿದ್ದರು. ನಮ್ಮ ಕಾಯಂ ಓದುಗರಾದ ನಿವೃತ್ತ ಬಸ್ ಕಂಡಕ್ಟರ್ ಅಜ್ಜ ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗಿದ್ದರು. ಅದಕ್ಕೂ ಮೊದಲು ಒಂದೂವರೆ ತಾಸು ಅವರು ಘಟ್ಟದ ಹಳೆಯ ದಾರಿಗಳ ಮೇಲಿನ ಹೊಸ ಪುಸ್ತಕವನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದ್ದನ್ನು ನಾನು ಕಂಡಿದ್ದೆ. ಆದರೆ ಮಲಗುವ ಮುಂಚೆ ಎದ್ದುಹೋಗಿ ಪುಸ್ತಕವನ್ನು ಕಪಾಟಿಗೆ ಇಟ್ಟು ಬಂದಿದ್ದರು. ಅವರ ಮುಂದಿನ ಮೇಜು ತೊಳೆದಿಟ್ಟ ತಾಟಿನ ಹಾಗೆ ಖಾಲಿ ಇತ್ತು.

ಸಾಹೇಬರು ನಕ್ಕರು. ಕೆಟ್ಟ ನಗೆಯೇನಲ್ಲ, ಸುಸ್ತಾದ ನಗೆ. "ಇಂಥಾ ಪುಸ್ತಕ ಬೆಳಗಾಂವಿ ಸದಾಶಿವನಗರದ ಶಾಖೆದಾಗ ಇಟ್ಟರ ಓದೋ ಮಂದಿ ಅದಾರ. ಇಲ್ಲಿಯವರಿಗೆ ಇದೆಲ್ಲಾ ಎದಕ್ಕ ಬೇಕು? ಪೇಪರ ಹಾಕ್ರಿ, ಪರೀಕ್ಷಾದ ಗೈಡು ಇಡ್ರಿ, ಸಾಕು."

'ಇಲ್ಲಿಯವರಿಗೆ' ಎಂಬ ಆ ಮಾತು ನನಗೆ ಚುಚ್ಚಿತು. ನಾನೂ ಇಲ್ಲಿಯವಳೇ. ನನ್ನ ಅಪ್ಪ ಹಂಚಿನ ಭಟ್ಟಿಯಲ್ಲಿ ಹಸಿ ಹಂಚು ಹೊತ್ತವನು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆ ಪದವಿಗೆ ಬೇಕಾದದ್ದರಲ್ಲಿ ಅರ್ಧ ನಾನು ಇಂಥದ್ದೇ ಒಂದು ಕೋಣೆಯಲ್ಲಿ, ಇಂಥದ್ದೇ ಒಂದು ಬೆಂಚಿನ ಮೇಲೆ ಕುಳಿತು ಓದಿದ್ದು. ಆಗಲೂ ಯಾವ ಚೀಟಿಯ ಮೇಲೂ ಠಸ್ಸೆ ಬಿದ್ದಿರಲಿಲ್ಲ.

ಎರಡು ದಿನಕ್ಕೆ ಪತ್ರ ಬಂತು. ಅರವತ್ನಾಲ್ಕು ಹೊಸ ಪುಸ್ತಕಗಳನ್ನೂ ನಗರದ ಶಾಖೆಗೆ ವರ್ಗಾಯಿಸಬೇಕು, ಮುಂದಿನ ತಿಂಗಳ ಕೊನೆಯ ಶನಿವಾರ ಗಾಡಿ ಬರುತ್ತದೆ, ಇನ್ನು ಮುಂದೆ ಈ ಶಾಖೆಗೆ ಇಂಥ ಪುಸ್ತಕಗಳನ್ನು ಮಂಜೂರು ಮಾಡುವುದಿಲ್ಲ. ನಾಲ್ಕು ವಾರ ಸಮಯವಿತ್ತು. ನಾನು ಫೋನ್ ಮಾಡಿ ಕೇಳಿದೆ. ಸಾಹೇಬರು ನೇರವಾಗಿ ಹೇಳಿದರು: "ಓದ್ತಾರ ಅಂತ ದಾಖಲೆ ಕೊಡ್ರಿ. ದಾಖಲೆ ಇದ್ದರ ನಾ ಯಾಕ ಒಯ್ಯಲಿ?"

ಆ ಅರವತ್ನಾಲ್ಕರಲ್ಲಿ ಕಥೆ, ಕಾದಂಬರಿ ಒಂದೂ ಇರಲಿಲ್ಲ. ಗೋಣಿಚೀಲದಲ್ಲಿ ಹೊಲಿದು ಎರಡು ಕಟ್ಟಾಗಿ ಬಂದಿದ್ದವು. ನಮ್ಮ ಶಾಖೆಯ ಜವಾನ ಕಾಕಾ ಕುಡುಗೋಲಿನಿಂದ ಹೊಲಿಗೆ ಬಿಚ್ಚಿದಾಗ ಹೊಸ ಕಾಗದದ ವಾಸನೆಗೆ, "ಅಗದೀ ಹೊಸಾ ಪಾಟಿಚೀಲದ ವಾಸನಿ ನೋಡ್ರಿ ಬಾಯಾರ" ಎಂದಿದ್ದರು. ಅಂತರ್ಜಲದ ಮೇಲೆ ಒಂದು, ಜಮೀನಿನ ಕಾಗದಪತ್ರ ಓದುವುದನ್ನು ಕಲಿಸುವುದು ಒಂದು, ಹೆಣ್ಣುಮಕ್ಕಳ ರಕ್ತಹೀನತೆಯ ಮೇಲೆ ಒಂದು, ಜೇನು, ಹಾವು, ನಕ್ಷತ್ರ, ನದಿಗಳು, ಮಣ್ಣು ಸುಡುವ ಬಗೆ. ಒಂದೊಂದನ್ನೂ ದಾಖಲೆ ವಹಿಯಲ್ಲಿ ಬರೆದು, ಮೊದಲ ಪುಟಕ್ಕೊಂದು, ನಾವು ಗೊತ್ತುಮಾಡಿಕೊಂಡ ಒಳಪುಟಕ್ಕೊಂದು ಠಸ್ಸೆ ಹೊಡೆದು, ಬೆನ್ನಿಗೆ ಸಂಖ್ಯೆಯ ಪಟ್ಟಿ ಅಂಟಿಸಿ, ಹಿಂದೆ ಚೀಟಿ ಅಂಟಿಸಿ ಮುಗಿಸಲು ನನಗೂ ಕಾಕಾನಿಗೂ ಆರು ದಿನ ಹಿಡಿದಿತ್ತು. ಹಾಗೆ ಅಂಟಿಸಿದ ಕೈಯಿಂದಲೇ ಕಟ್ಟಿ ಕಳಿಸುವುದು ನನ್ನಿಂದಾಗುವ ಮಾತಾಗಿರಲಿಲ್ಲ.

ದಾಖಲೆ ಬೇಕು ಎಂದರೆ ಮಾಡೋಣ ಎಂದುಕೊಂಡೆ. ಕುಳಿತು ಓದುವವರನ್ನು ಲೆಕ್ಕ ಹಾಕುವ ಒಂದು ಸರಳ ಕ್ರಮವನ್ನು ನಮಗೆ ಕೋರ್ಸಿನಲ್ಲಿ ಕಲಿಸಿದ್ದರು. ಓದುಗರು ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟುಹೋಗಬೇಕು. ಸಂಜೆ ಬಾಗಿಲು ಹಾಕುವ ಮುಂಚೆ ಮೇಜಿನ ಮೇಲಿನ ಪುಸ್ತಕ ಎಣಿಸಿ, ಬರೆದು, ಆಮೇಲೆ ಸಿಬ್ಬಂದಿ ಕಪಾಟಿಗೆ ಇಡಬೇಕು. ಅಂದೇ ಒಂದು ಹಲಗೆಗೆ ಬಣ್ಣ ಬಳಿಸಿ, ಕನ್ನಡ ಮರಾಠಿ ಎರಡರಲ್ಲೂ ಬರೆಸಿದೆ: ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ, ಕಪಾಟಿಗೆ ಇಡಬೇಡಿ.

ಮೊದಲ ದಿನ ಹದಿನೆಂಟು ಜನ ಹೊಸ ಪುಸ್ತಕ ಓದಿದ್ದನ್ನು ನಾನು ಕಣ್ಣಾರೆ ಕಂಡೆ. ಸಂಜೆ ಮೇಜಿನ ಮೇಲೆ ಒಂದೂ ಇರಲಿಲ್ಲ.

ಎರಡನೆಯ ದಿನ ಒಂದು ಸಿಕ್ಕಿತು, ಅಂತರ್ಜಲದ ಪುಸ್ತಕ. ಬರೆದುಕೊಳ್ಳಲೆಂದು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮೋಟರ್ ಪಂಪಿನ ಮಿಸ್ತ್ರಿ ಏದುಸಿರು ಬಿಡುತ್ತಾ ಒಳಗೆ ಬಂದರು. ಬೋರ್‌ವೆಲ್ಲಿನ ಮೋಟರು ರಿಪೇರಿ ಮಾಡುವವರು, ಮಧ್ಯಾಹ್ನದ ಬಿಡುವಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು. "ತಪ್ಪಾತ್ರಿ ಅಕ್ಕಾರ. ಬಸ್ ಸ್ಟ್ಯಾಂಡ ಮಟಾ ಹೋಗಿದ್ದೆ, ಆಮ್ಯಾಲ ನೆನಪಾತು" ಎಂದು ನನ್ನ ಕಣ್ಣೆದುರೇ ಪುಸ್ತಕ ಎತ್ತಿ, ಹಣೆಗೆ ಮುಟ್ಟಿಸಿ, ಕಪಾಟಿನಲ್ಲಿ ಅದರ ಜಾಗಕ್ಕೇ ಸೇರಿಸಿ ಹೋದರು.

ಮೂರನೆಯ ದಿನ ನಾನು ಕಂಡಕ್ಟರ್ ಅಜ್ಜನ ಹತ್ತಿರ ಹೋಗಿ ಹಲಗೆ ತೋರಿಸಿ ಬೇಡಿಕೊಂಡೆ.

"ಓದೇನಿ ಬಿಡವಾ ಆ ಹಲಗೀನ" ಎಂದರು ಅಜ್ಜ. "ಇಳಿಯೋ ಮುಂದ ಸೀಟಿನ ಮ್ಯಾಲ ಸಾಮಾನು ಬಿಡಬ್ಯಾಡ್ರಿ ಅಂತ ಮೂವತ್ತು ವರ್ಷ ಮಂದಿಗೆ ಹೇಳಿದಾಂವ ನಾನು. ಈಗ ನೀ ಬಂದು ಬಿಟ್ಟು ಹೋಗು ಅಂತೀ. ಕೈ ಬರಂಗಿಲ್ಲವಾ."

"ಅಜ್ಜಾರ, ನೀವು ಬಿಡಲಿಲ್ಲ ಅಂದ್ರ ಪುಸ್ತಕ ಬೆಳಗಾಂವಿಗೆ ಹೋಗ್ತಾವು."

"ಹಂಗಾರ ಬಿಡ್ತೀನಿ ಬಿಡು."

ಅಂದು ಅಜ್ಜ ಪುಸ್ತಕ ಬಿಟ್ಟು ಎದ್ದರು. ಬಾಗಿಲ ತನಕ ಹೋದರು. ಚಪ್ಪಲಿ ಮೆಟ್ಟಿದರು. ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಕಡೆ ನೋಡದೆ, ಪುಸ್ತಕವನ್ನು ಕಪಾಟಿಗೆ ಇಟ್ಟು ಹೋದರು.

ಅಲ್ಲೇ ರಕ್ತಹೀನತೆಯ ಪುಸ್ತಕ ಓದುತ್ತಿದ್ದ ಒಬ್ಬ ಆಶಾ ಕಾರ್ಯಕರ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಸಾಲ್ಯಾಗ ಪಾಟಿ ಜಾಗಾಕ್ಕ ಇಡಲಿಲ್ಲಂದ್ರ ಅಕ್ಕೋರು ಹೊಡೀತಿದ್ರು. ಈಗ ಇಟ್ಟರ ನೀವು ಬೈತೀರಿ" ಎಂದಳು. ಅವಳೂ ಬಿಡಲಿಲ್ಲ.

ಒಂದು ವಾರ ಹೀಗೇ ಹೋಯಿತು. ಎರಡನೆಯ ವಾರ ಇನ್ನೊಂದು ದಾರಿ ಹಿಡಿದೆ. ಕಪಾಟಿನ ಪಕ್ಕ ಒಂದು ವಹಿ ಇಟ್ಟೆ. ಓದಿದವರು ತಾರೀಖು, ಪುಸ್ತಕದ ಹೆಸರು, ತಮ್ಮ ಹೆಸರು ಬರೆದು ಸಹಿ ಮಾಡಬೇಕು. ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಸರಕಾರಿ ಕಟ್ಟಡದೊಳಗೆ ವಹಿ ಬಿಚ್ಚಿಟ್ಟು ಸಹಿ ಮಾಡಿ ಎಂದರೆ ನಮ್ಮ ಜನ ಏನು ತಿಳಿಯುತ್ತಾರೆಂದು ನನಗೆ ಗೊತ್ತಿರಬೇಕಿತ್ತು. ಜಮೀನಿನ ಕಾಗದಪತ್ರದ ಪುಸ್ತಕ ಓದುತ್ತಿದ್ದ ಮೂವರು ಮಾರನೆಯ ದಿನದಿಂದ ಬರಲೇ ಇಲ್ಲ. ಮಿಸ್ತ್ರಿ ಬಂದರು, ಆದರೆ ಹೊಸ ಕಪಾಟಿನ ಕಡೆ ಹೋಗದೆ ಪೇಪರು ಹಿಡಿದು ಕುಳಿತರು. ನಾಲ್ಕನೆಯ ದಿನ ವಹಿಯಲ್ಲಿದ್ದದ್ದು ಎರಡೇ ಹೆಸರು. ಒಂದು ಕಾಕಾನದು, ನನ್ನ ಮುಖ ನೋಡಲಾರದೆ ಬರೆದದ್ದು. ನಾನೇ ವಹಿ ಎತ್ತಿಟ್ಟೆ.

ಮೂರನೆಯ ವಾರ ನನ್ನ ಕುರ್ಚಿಯಲ್ಲಿ ಕುಳಿತೇ, ಯಾರು ಯಾವ ಪುಸ್ತಕ ತೆಗೆದರು, ಎಷ್ಟು ಹೊತ್ತು ಓದಿದರು ಎಂದು ಗುಟ್ಟಾಗಿ ಬರೆದೆ. ಆರು ದಿನದ ಪಟ್ಟಿ ಮಾಡಿ, ನಮ್ಮ ಶಾಖೆಗೆ ರಜಾ ಇದ್ದ ಸೋಮವಾರ ಬೆಳಗಾವಿಗೆ ಹೋಗಿ ಸಾಹೇಬರ ಮೇಜಿನ ಮೇಲಿಟ್ಟೆ.

ಅವರು ಎರಡೂ ಹಾಳೆ ಪೂರ್ತಿ ಓದಿದರು. ಅದಕ್ಕೆ ಅವರನ್ನು ಮೆಚ್ಚಬೇಕು. ಓದಿ, ನನ್ನ ಕಡೆಗೇ ಸರಿಸಿದರು. "ಬರದಾವರು ನೀವು. ನೋಡಿದಾವರೂ ನೀವು. ಇದನ್ನ ನಾ ಮ್ಯಾಲ ಕಳಿಸಿದರ ನನಗೇನಂತಾರ? ಓದುಗರ ಕಡಿಂದ ಒಂದು ಗುರುತು ಬೇಕ್ರಿ ಬಾಯಾರ. ಅವರಿಗೆ ಬೇಕಿದ್ದರ ಮನಿಗೆ ಯಾಕ ಒಯ್ಯಂಗಿಲ್ಲ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮರಳಿದೆ. ಮಂಗಳವಾರ ಮಿಸ್ತ್ರಿ ಬಂದಾಗ ಅವರನ್ನೇ ಕೇಳಿದೆ.

"ಒಯ್ಯಾಕ ಕಾರ್ಡ ಬೇಕಲ್ರಿ. ಕಾರ್ಡ ಮಾಡಸಾಕ ಜಾಮೀನಿನ ಸಹಿ ಬೇಕು. ಸರಕಾರಿ ನೌಕರಿ ಇದ್ದಾವರ ಸಹಿ. ನಮಗ್ಯಾರು ಹಾಕ್ತಾರ? ನನ್ನ ಹೆಂಡತಿ ಅಣ್ಣಗ ನೌಕರಿ ಐತಿ. ಅಂವಾ ನನ್ನ ಮದಿವಿಗೇ ಸಾಕ್ಷಿ ಆಗಲಿಲ್ಲ, ಪುಸ್ತಕಕ್ಕ ಆಗ್ತಾನ?"

ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಸದಸ್ಯತ್ವದ ಅರ್ಜಿಯ ಕೆಳಗೆ ಒಂದು ಚೌಕವಿದೆ. ಓದುಗ ಪುಸ್ತಕ ಮರಳಿಸದಿದ್ದರೆ ನಾನು ಹೊಣೆ ಎಂದು ಒಬ್ಬ ಸರಕಾರಿ ನೌಕರ ಅಲ್ಲಿ ಸಹಿ ಮಾಡಬೇಕು. ಠೇವಣಿ ಅಂಥ ದೊಡ್ಡದಲ್ಲ. ಜನರನ್ನು ಬಾಗಿಲಲ್ಲಿ ನಿಲ್ಲಿಸುವುದು ಆ ಚೌಕ. ನಾನು ಪಿಯುಸಿ ಓದುವಾಗ ಅಪ್ಪ ಆ ಅರ್ಜಿ ಹಿಡಿದು, ತಲೆಯ ರುಮಾಲು ಕೈಗೆ ತೆಗೆದುಕೊಂಡು, ಪರಿಚಯದ ಒಬ್ಬ ನೌಕರರ ಮನೆಯ ಕಟ್ಟೆಯ ಮೇಲೆ ಎರಡು ಭಾನುವಾರ ಕುಳಿತಿದ್ದ. ಎರಡನೆಯ ಭಾನುವಾರ ಅವರು ಹೊರಗೆ ಬಂದು, "ಹಂಚು ಹೊರೂ ಮನ್ಯಾಗ ಪುಸ್ತಕ ಎಲ್ಲಿ ಇಡಾವ್ರು ನೀವು?" ಎಂದರಂತೆ. ಅಪ್ಪ ಅರ್ಜಿಯನ್ನು ಮಡಿಸದೆ, ಮಣ್ಣಾಗದಂತೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದ. "ಅಲ್ಲೇ ಕುಂತು ಓದವಾ" ಎಂದ. ಅಲ್ಲೇ ಕುಳಿತು ಓದಿದೆ.

ಅಂದು ಸಂಜೆ ಖಾನಾಪುರದ ಸ್ಟೇಷನ್ನಿನಲ್ಲಿ, ನಾನಿರುವ ದೇಸೂರಿಗೆ ಹೋಗುವ ರೈಲುಗಾಡಿಗೆ ಕಾಯುತ್ತಾ ಬ್ಯಾಗಿನಿಂದ ಆ ಅರ್ಜಿಯ ಒಂದು ಪ್ರತಿ ತೆಗೆದೆ. ಮುಂಬದಿ ಬಾಯಿಪಾಠ ಇತ್ತು. ಹಿಂಬದಿಯ ಸಣ್ಣ ಅಕ್ಷರಗಳನ್ನು ನಾನು ಎಂದೂ ಪೂರ್ತಿ ಓದಿರಲಿಲ್ಲ. ಜಾಮೀನುದಾರರು ಈ ತಾಲ್ಲೂಕಿನಲ್ಲಿ ಕೆಲಸ ಮಾಡುವ ಯಾವುದೇ ಸರಕಾರಿ ನೌಕರರಾಗಿರಬಹುದು ಎಂದಿತ್ತು. ಒಬ್ಬರು ಎಷ್ಟು ಜನರಿಗೆ ಜಾಮೀನಾಗಬಹುದು ಎಂಬ ಮಿತಿ ಇರಲಿಲ್ಲ. ಗ್ರಂಥಾಲಯದ ಸಿಬ್ಬಂದಿ ಆಗಬಾರದು ಎಂದೂ ಇರಲಿಲ್ಲ. ಮೂರು ಸಲ ಓದಿದೆ. ಗಾಡಿ ದೇಸೂರಿಗೆ ಬಂದು ನಿಂತಾಗಲೂ ಓದುತ್ತಲೇ ಇದ್ದೆ. ಪಕ್ಕದ ಹೆಣ್ಣುಮಗಳು "ನಿಮ್ಮ ಊರು ಬಂತಲ್ರಿ" ಎಂದು ಎಬ್ಬಿಸಿದಳು.

ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ನನಗೆ ಹೆದರಿಕೆಯೂ ಆಯಿತು. ಮೂವತ್ತು ಜನರಿಗೆ ಹೊಣೆಯಾಗುವುದೆಂದರೆ ಏನು? ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಐದು ತಿಂಗಳಿತ್ತು. ಇವರು ಪುಸ್ತಕ ಮರಳಿಸುತ್ತಾರೆ ಎಂದು ನನಗೆ ಹೇಗೆ ಗೊತ್ತು? ಆಗ ಕಂಡಕ್ಟರ್ ಅಜ್ಜ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದದ್ದು ಕಣ್ಣಿಗೆ ಕಟ್ಟಿತು. ಮಿಸ್ತ್ರಿ ಬಸ್ ಸ್ಟ್ಯಾಂಡಿನಿಂದ ಓಡಿ ಬಂದದ್ದು ನೆನಪಾಯಿತು. ಮೂರು ವಾರ ಹಲಗೆ ಹಾಕಿ, ಕೈ ಮುಗಿದು, ಬಿಟ್ಟು ಹೋಗಿ ಎಂದು ಬೇಡಿಕೊಂಡರೂ ಒಬ್ಬರೂ ಬಿಟ್ಟುಹೋಗದ ಜನ ಇವರು. ಪುಸ್ತಕವನ್ನು ಜಾಗಕ್ಕೆ ಇಡದೆ ಇವರಿಗೆ ಬಾಗಿಲು ದಾಟಲು ಬರುವುದಿಲ್ಲ. ನನ್ನ ಲೆಕ್ಕ ಕೆಡಿಸಿದ ಗುಣವೇ ನನಗೆ ಬೇಕಾದ ಜಾಮೀನು ಎಂದು ಹೊಲದ ದಾರಿಯಲ್ಲಿ ನಡೆಯುತ್ತಾ ಹೊಳೆಯಿತು.

ಬುಧವಾರ ಬೆಳಿಗ್ಗೆ ಅರ್ಜಿಗಳ ಕಟ್ಟು ಬಿಚ್ಚಿದೆ. ಕಾಕಾ ನೋಡಿ ಗಾಬರಿಯಾದರು. "ಬಾಯಾರ, ಒಂದು ಪುಸ್ತಕ ಹೋದರೂ ನಿಮ್ಮ ತಲಿಮ್ಯಾಲ. ನಂದು ನೌಕರಿ ಇನ್ನೊಂದು ವರ್ಷ ಉಳದೈತಿ, ನಿಮ್ಮದು ಇನ್ನ ಪೂರಾ ಐತಿ."

"ಖರೇ ಐತಿ ಕಾಕಾ. ಅದಕ್ಕ ನಾನ ಹಾಕ್ತೀನಿ, ನೀವು ಹಾಕಬ್ಯಾಡ್ರಿ."

ಕಾಕಾ ಠಸ್ಸೆಯ ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡು, "ಠಸ್ಸೆ ಹೊಡಿಯೋದರ ನನಗ ಬಿಡ್ರಿ" ಎಂದರು.

ಎರಡು ದಿನ ಅದೇ ಕೆಲಸ. ಓದುಗರು ಬಂದಂತೆ ಕರೆದು ಕೂರಿಸಿ ಅರ್ಜಿ ತುಂಬಿಸಿದೆ. ವಿಳಾಸದ ಕಾಗದ ಇಲ್ಲದವರನ್ನು ಮನೆಗೆ ಓಡಿಸಿದೆ, ಫೋಟೋ ಇಲ್ಲದವರನ್ನು ಸ್ಟುಡಿಯೋಕ್ಕೆ. ವಹಿಗೆ ಹೆದರಿ ಬಿಟ್ಟುಹೋದ ಮೂವರ ಮನೆಗೆ ಕಾಕಾ ಸೈಕಲ್ ತುಳಿದುಕೊಂಡು ಹೋಗಿ, ಮರಾಠಿಯಲ್ಲಿ ಸಮಾಧಾನ ಹೇಳಿ ಕರೆತಂದರು. ಎಲ್ಲರೂ ಒಂದೇ ಅನುಮಾನ ಇಟ್ಟುಕೊಂಡು ಕೂರುತ್ತಿದ್ದರು. ಆಶಾ ಕಾರ್ಯಕರ್ತೆ ಬಾಯಿಬಿಟ್ಟೇ ಕೇಳಿದಳು.

"ನೀವ್ಯಾಕ್ರಿ ಅಕ್ಕಾರ ನಮಗ ಸಹಿ ಹಾಕೋದು? ನಾ ಯಾರ ಮಗಳು ಅನ್ನೋದೂ ನಿಮಗ ಗೊತ್ತಿಲ್ಲ."

"ಪುಸ್ತಕ ಎಲ್ಲಿ ಇಡ್ತೀ ಅನ್ನೋದು ಗೊತ್ತೈತಿ" ಎಂದು ಸಹಿ ಹಾಕಿದೆ.

ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ: ಆ ಚೌಕದಲ್ಲಿ ನನ್ನ ಹೆಸರು, ಹುದ್ದೆ ಬರೆದು ಸಹಿ ಮಾಡುವಾಗ ಪ್ರತಿ ಸಲವೂ ನನಗೆ ಅಪ್ಪ ಕುಳಿತಿದ್ದ ಆ ಕಟ್ಟೆ ಕಾಣುತ್ತಿತ್ತು. ಮೂವತ್ತೆರಡು ಸಹಿ. ಮೂವತ್ತೆರಡೂ ಒಂದೇ ಅಳತೆ, ಒಂದೇ ಒತ್ತು. ಒಂದನ್ನೂ ಅವಸರದಲ್ಲಿ ಗೀಚಲಿಲ್ಲ.

ಶುಕ್ರವಾರ ಪುಸ್ತಕ ಕೊಟ್ಟೆವು. ಒಂದು ಕಾರ್ಡಿಗೆ ಎರಡು. ಮಿಸ್ತ್ರಿ ಅಂತರ್ಜಲದ ಪುಸ್ತಕದ ಜೊತೆಗೆ ನಕ್ಷತ್ರದ್ದು ತೆಗೆದುಕೊಂಡರು. "ಕೆಳಗಿಂದೂ ಆತು, ಮ್ಯಾಲಿಂದೂ ಆತು" ಎಂದರು. ಕಂಡಕ್ಟರ್ ಅಜ್ಜ ಘಟ್ಟದ ದಾರಿಯ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಳ್ಳಲು ನೋಡಿದರು. ಯಾಕ್ರಿ ಎಂದರೆ, "ಹೊರಗ ಒಯ್ದು ರೂಢಿ ಇಲ್ಲವಾ, ಕದ್ದಂಗ ಅನಸ್ತೈತಿ." ಕಾಕಾ ಮಧ್ಯಾಹ್ನವೆಲ್ಲ ಠಸ್ಸೆ ಹೊಡೆದರು. ಹದಿನೈದು ದಿನದ ಗಡುವು, ಶನಿವಾರದ ತಾರೀಖು. ಸಂಜೆ ಕಪಾಟಿನಲ್ಲಿ ಉಳಿದದ್ದು ಪುಸ್ತಕಗಳ ಕೆಳಗೆ ಹಾಸಿದ್ದ ಹಳೆಯ ಪೇಪರು ಮಾತ್ರ.

ಮಾರನೆಯ ದಿನ ಗಾಡಿ ಬಂತು. ಸಾಹೇಬರೇ ಜೊತೆಗೆ ಬಂದಿದ್ದರು. ಕಪಾಟಿನ ಮುಂದೆ ನಿಂತು, "ಕಟ್ಟಿ ಇಟ್ಟೀರೇನು? ಎಲ್ಲಿ ಅದಾವು?" ಎಂದರು.

"ಮಂದಿ ಮನ್ಯಾಗ ಅದಾವ್ರಿ ಸರ್." ಕೊಟ್ಟ ಪುಸ್ತಕಗಳ ವಹಿ ಮುಂದಿಟ್ಟೆ.

ಅವರು ವಹಿ ತಿರುವಿದರು. ಅರ್ಜಿಗಳ ಕಡತ ತರಿಸಿಕೊಂಡರು. ಒಂದು, ಎರಡು, ಐದು, ಹತ್ತು. ಮುಖ ಬಿಗಿಯಿತು. "ಎಲ್ಲಾದಕ್ಕೂ ನೀವ ಜಾಮೀನು? ಕೊಡಾವರೂ ನೀವು, ಹೊಣಿ ಆಗಾವರೂ ನೀವು?"

"ಆಗಬಾರದು ಅಂತ ಎಲ್ಲೂ ಇಲ್ರಿ ಸರ್. ಹಿಂದ ಓದಿ ನೋಡ್ರಿ."

ಅವರು ಅರ್ಜಿ ತಿರುಗಿಸಿ ಓದಿದರು. ನನ್ನಂತೆ ಅವರೂ ಅದನ್ನು ಪೂರ್ತಿ ಓದಿದ್ದು ಅದೇ ಮೊದಲು ಎಂದು ಓದುವ ರೀತಿಯಲ್ಲೇ ಗೊತ್ತಾಯಿತು.

"ಇದು ಆಟ ಆತ್ರಿ."

"ದಾಖಲೆ ಕೇಳಿದ್ರಿ. ಇದು ದಾಖಲೆ ಐತಿ. ಓದುಗರ ಕೈಯಾಗಿದ್ದ ಪುಸ್ತಕ ಬ್ಯಾರೆ ಶಾಖೆಗೆ ಕಳಸಾಕ ಬರಂಗಿಲ್ಲ. ಗಡುವಿಗೆ ಬರ್ತಾವು. ಬಂದ ಮ್ಯಾಲ ನೋಡೂಣ್ರಿ."

"ಬರಲಿಲ್ಲಂದ್ರ?"

"ನಾ ಅದೀನಿ. ಸಹಿ ಅದಕ್ಕ ಹಾಕೀನಿ."

ಅವರು ಕಡತ ಮುಚ್ಚಿದರು. "ಗಡುವಿನ ಶನಿವಾರ ನಾನ ಬರ್ತೀನಿ. ಗಾಡಿನೂ ಬರತೈತಿ. ಒಂದು ಕಡಿಮಿ ಬಿದ್ದರೂ ನಾ ನೋಡಿ ಸುಮ್ಮನ ಹೋಗಾಂವಲ್ಲ" ಎಂದು ಹೇಳಿ ಹೋದರು.

ಆ ಹದಿನೈದು ದಿನ ಓದುವ ಕೋಣೆ ಬಿಕೋ ಎಂದಿತು. ಇದನ್ನು ನಾನು ಮುಂಚೆ ಯೋಚಿಸಿರಲಿಲ್ಲ. ಪುಸ್ತಕ ಮನೆಯಲ್ಲಿದ್ದ ಮೇಲೆ ಇಲ್ಲಿಗೆ ಯಾಕೆ ಬರುತ್ತಾರೆ? ಅಜ್ಜನ ಬೆಂಚು ಖಾಲಿ, ಮಿಸ್ತ್ರಿಯ ಸುಳಿವಿಲ್ಲ. ದಿನಾ ಕಂಡ ಮುಖ ಕಾಣದಾದಾಗ ಕೊಟ್ಟ ಪುಸ್ತಕಗಳ ವಹಿ ತೆಗೆದು ಹೆಸರು ಎಣಿಸುತ್ತಿದ್ದೆ. ಒಂದು ಸಂಜೆ ಕಾಕಾ, "ಮಂದಿ ಹೋದ್ರು, ಪುಸ್ತಕನೂ ಹೋದವು" ಎಂದು ತಮಾಷೆ ಮಾಡಿದರು.

ಆರನೆಯ ದಿನ ನೋಟಿಸು ಬಂತು. ಪರಿಚಯವಿಲ್ಲದ ಮೂವತ್ತೆರಡು ಜನರಿಗೆ ಯಾವ ಆಧಾರದ ಮೇಲೆ ಜಾಮೀನು ನೀಡಿದ್ದೀರಿ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಿ. ಕ್ಷಮೆ ಕೇಳಿ ಎರಡು ಸಾಲು ಬರೆದುಬಿಡಿ, ಮುಗಿಯುತ್ತದೆ ಎಂದು ಕಚೇರಿಯಲ್ಲಿದ್ದ ಪರಿಚಯದ ಗುಮಾಸ್ತರು ಫೋನ್ ಮಾಡಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಎರಡು ಸಾಲು ಬರೆದೆ, ಆದರೆ ಬೇರೆ ಎರಡು ಸಾಲು: 'ಇವರು ಓದಿದ ಪುಸ್ತಕವನ್ನು ಬಿಟ್ಟುಹೋಗುವವರಲ್ಲ, ಅದರ ಜಾಗಕ್ಕೆ ಇಟ್ಟು ಹೋಗುವವರು. ಇದನ್ನು ಮೂರು ವಾರ ಪರೀಕ್ಷಿಸಿ ನೋಡಿ ಜಾಮೀನು ನೀಡಿರುತ್ತೇನೆ.'

ಶನಿವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮುಂಚೆಯೇ ಹತ್ತು ಜನ ಮೆಟ್ಟಿಲ ಮೇಲಿದ್ದರು. ಅವರ ಕೈಯಲ್ಲಿದ್ದ ಪುಸ್ತಕಗಳ ಗುರುತು ನನಗೆ ಹತ್ತಲಿಲ್ಲ. ಎಲ್ಲಕ್ಕೂ ರಟ್ಟು ಹಾಕಿದ್ದರು. ಮಕ್ಕಳ ಪಠ್ಯಪುಸ್ತಕಕ್ಕೆ ಹಾಕುವ ಹಾಗೆ, ಹಳೆಯ ಕ್ಯಾಲೆಂಡರಿನ ಹಾಳೆ, ಪೇಪರು, ಬಳೆ ಅಂಗಡಿಯ ಬಣ್ಣದ ಕಾಗದ. ಒಂದರ ಮೇಲೆ ಸಿಮೆಂಟ್ ಚೀಲದ ಒಳಕಾಗದ. ನಾವು ಆರು ದಿನ ಕೂತು ಅಂಟಿಸಿದ್ದ ಸಂಖ್ಯೆಗಳೆಲ್ಲ ರಟ್ಟಿನ ಒಳಗೆ ಮುಚ್ಚಿಹೋಗಿದ್ದವು. ಒಂದೊಂದನ್ನೂ ತೆರೆದು, ಒಳಗಿನ ಹೆಸರು ನೋಡಿ, ವಹಿಯಲ್ಲಿ ಗೀಟು ಎಳೆಯಬೇಕಾಯಿತು. ಮೇಜಿನ ಸುತ್ತ ಜನ ಮುಗಿಬಿದ್ದರು. ಗೀಟು ಎಳೆದ ಪುಸ್ತಕವನ್ನು ನಾನು ಇಟ್ಟುಕೊಳ್ಳುವ ಮುಂಚೆ ಅವರೇ ಎತ್ತಿಕೊಂಡು ಹೋಗಿ ಕಪಾಟಿಗೆ ಸೇರಿಸುತ್ತಿದ್ದರು.

ಮೂರು ಗಂಟೆಗೆ ಸಾಹೇಬರು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ವಹಿ ಎಳೆದುಕೊಂಡರು. ಅರವತ್ತೆರಡು ಗೀಟು. ಎರಡು ಬಾಕಿ. ಎರಡೂ ಮಿಸ್ತ್ರಿಯವು.

"ಎಲ್ಲಿ ಅದಾರ ಈ ಮನಷ್ಯಾ?"

ಕಾಕಾ ಫೋನ್ ಮಾಡಿದರು. ಹತ್ತಲಿಲ್ಲ. ಯಾವುದೋ ಊರಿನ ಹೊಲದಲ್ಲಿ ಮೋಟರು ಎತ್ತಲು ಹೋಗಿದ್ದಾರೆ ಎಂದು ಯಾರೋ ಹೇಳಿದರು. ಅಜ್ಜ ತಮ್ಮ ಬೆಂಚಿನಿಂದ ಎದ್ದು ನಿಂತರು. ಕೋಣೆಯಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಸಾಹೇಬರು ಪೆನ್ನು ತೆಗೆದರು.

ನಾನು ಕಣ್ಣು ಮುಚ್ಚಿ ಯೋಚಿಸಿದೆ. ಮಿಸ್ತ್ರಿ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರು. ನಾವು ಬಾಗಿಲು ತೆಗೆದಾಗ ಮೇಜಿನ ಸುತ್ತ ಗುಂಪು ಇತ್ತು. ಅವರು ಗುಂಪಿನಲ್ಲಿ ನಿಂತು ಕಾಯುವವರಲ್ಲ. ಹಾಗಾದರೆ ಏನು ಮಾಡಿರುತ್ತಾರೆ?

"ಸರ್, ವಹಿ ಬಿಡ್ರಿ. ಕಪಾಟು ಎಣಿಸ್ರಿ" ಎಂದೆ.

"ವಹಿದಾಗ ಅರವತ್ತೆರಡು ಐತಿ."

"ಕಪಾಟು ಎಣಿಸ್ರಿ ಸರ್."

ಅವರೇ ಎದ್ದು ಹೋಗಿ ಎಣಿಸಿದರು, ಬೆರಳಿನಿಂದ ಒಂದೊಂದೇ ಮುಟ್ಟುತ್ತಾ. ಮೇಲಿನ ಸಾಲು, ನಡುವಿನ ಸಾಲು. ಕೆಳಗಿನ ಸಾಲಿಗೆ ಬಂದಾಗ ಮಂಡಿಯೂರಿದರು. ಅರವತ್ನಾಲ್ಕು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದರು. ನಡುವಿನ ಸಾಲಿನಲ್ಲಿ, ಅಂತರ್ಜಲದ ಪುಸ್ತಕ ಯಾವತ್ತೂ ಇರುವ ಜಾಗದಲ್ಲೇ, ಮೋಟರ್ ಕಂಪನಿಯ ಕ್ಯಾಲೆಂಡರಿನ ರಟ್ಟು ಹಾಕಿದ ಒಂದು ಪುಸ್ತಕವಿತ್ತು. ನಕ್ಷತ್ರದ್ದು ಅದರ ಜಾಗದಲ್ಲಿತ್ತು. ಬಂದಿದ್ದಾರೆ, ಇಟ್ಟಿದ್ದಾರೆ, ಹೋಗಿದ್ದಾರೆ.

"ನನಕಿಂತಾ ನೆಟ್ಟಗ ಇಟ್ಟಾನ" ಎಂದರು ಅಜ್ಜ.

ನಾನು ಆ ಎರಡಕ್ಕೂ ಗೀಟು ಎಳೆದೆ. ಆಮೇಲೆ ಕಾಯುತ್ತಿದ್ದವರ ಕಡೆ ತಿರುಗಿ, "ಯಾರಿಗೆ ಯಾವುದು ಬೇಕು ತಗೋರ್ರಿ" ಎಂದೆ. ಅವರು ಅದಕ್ಕೇ ಕಾದಿದ್ದರು. ಆಶಾ ಕಾರ್ಯಕರ್ತೆ ಜೇನಿನ ಪುಸ್ತಕ ಹಿಡಿದಳು. ರಕ್ತಹೀನತೆಯದನ್ನು ಅವಳ ಓಣಿಯ ಇನ್ನೊಬ್ಬಳು ಮೊದಲೇ ಹೇಳಿಟ್ಟಿದ್ದಳು. ಅಜ್ಜ ಹಾವಿನ ಪುಸ್ತಕ ಕೈಗೆತ್ತಿಕೊಂಡರು, ಈ ಸಲ ಅಂಗಿಯ ಹೊರಗೇ ಹಿಡಿದರು. ಕಾಕಾನ ಠಸ್ಸೆ ಮತ್ತೆ ಸದ್ದು ಮಾಡತೊಡಗಿತು. ಸಾಹೇಬರು ಪಕ್ಕದಲ್ಲಿ ನಿಂತು, ಚೀಟಿಗಳ ಮೇಲೆ ಎರಡನೆಯ ಸಾಲಿನ ಠಸ್ಸೆ ಬೀಳುವುದನ್ನು ನೋಡುತ್ತಿದ್ದರು. ನಾನು ಮಿಸ್ತ್ರಿಗೆಂದು ಎರಡು ಎತ್ತಿಟ್ಟೆ. ಐದು ಗಂಟೆಯ ಹೊತ್ತಿಗೆ ಕಪಾಟಿನಲ್ಲಿ ಮತ್ತೆ ಹಳೆಯ ಪೇಪರು ಮಾತ್ರ ಉಳಿಯಿತು.

ಸಾಹೇಬರು ಹೊರಗೆ ಹೋಗಿ ಡ್ರೈವರನಿಗೆ, "ಗಾಡಿ ತಿರಗಸು" ಎಂದರು. ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ನೋಡಿದರು. "ನೋಟಿಸು ನಿಮ್ಮ ಕಡತದಾಗ ಇರತೈತ್ರಿ. ಅದನ್ನ ತಗಿಯಾಕ ನನಗ ಬರಂಗಿಲ್ಲ."

"ಇರಲಿ ಬಿಡ್ರಿ ಸರ್. ನನ್ನ ಉತ್ತರನೂ ಅದರ ಬಾಜೂಕ ಇರಲಿ."

ವರ್ಗಾವಣೆಯ ಆದೇಶ ರದ್ದಾದ ಪತ್ರ ಬಂತು, ಒಂದೇ ಸಾಲಿನದು. ಅದರಲ್ಲಿ ಯಾರನ್ನೂ ಹೊಗಳಿರಲಿಲ್ಲ. ಹೊಸ ಕಟ್ಟು ಬಂತು, ಅದೂ ಗೋಣಿಯಲ್ಲಿ ಹೊಲಿದದ್ದು. ರಟ್ಟುಗಳನ್ನು ನಾನು ತೆಗೆಸಲಿಲ್ಲ. ಕ್ಯಾಲೆಂಡರಿನ ಮೇಲೆಯೇ ಸ್ಕೆಚ್ ಪೆನ್ನಿನಿಂದ ಸಂಖ್ಯೆ ಬರೆಯುತ್ತೇನೆ.

ಪುಸ್ತಕ ಮೇಜಿನ ಮೇಲೆ ಬಿಡಿ ಎಂಬ ಆ ಹಲಗೆಯನ್ನು ನಾನೇ ಇಳಿಸಿದೆ. ಒಳ್ಳೆಯ ಮರ, ಎಸೆಯಲು ಮನಸ್ಸಾಗಲಿಲ್ಲ. ಅದರ ಹಿಂಬದಿಗೆ ಬಣ್ಣ ಬಳಿಸಿ, ಎರಡೂ ಭಾಷೆಯಲ್ಲಿ ಬೇರೆ ಮಾತು ಬರೆಸಿ, ಬಾಗಿಲ ಹೊರಗೆ, ಬೀದಿಯಲ್ಲಿ ಹೋಗುವವರಿಗೂ ಕಾಣುವಂತೆ ತೂಗುಹಾಕಿದ್ದೇನೆ: ಜಾಮೀನಿಗೆ ಯಾರೂ ಸಿಗದವರು ಒಳಗೆ ಬಂದು ನನ್ನನ್ನು ಕೇಳಿರಿ.